ಬಾಯಿಹುಣ್ಣಿಗೆ ಸಸ್ಯಜನ್ಯ ಎಣ್ಣೆಗಳ ಬಳಕೆ: ಸಾರ್ವಜನಿಕರಿಗೆ ಮಾಹಿತಿ

ಕೆನ್ನೆಯ ಒಳಭಾಗ, ತುಟಿ ಮತ್ತು ನಾಲಿಗೆಯ ಅಂಚಿನಲ್ಲಿ ಏಳುವ ಸಣ್ಣ ಹುಣ್ಣುಗಳು ಬಹುತೇಕ 7ರಿಂದ 14 ದಿನಗಳೊಳಗೆ ತಾವಾಗಿಯೇ ಮಾಯುತ್ತವೆ. ಚೂಪಾದ ಹಲ್ಲು ತಗಲುವುದು, ಕಬ್ಬಿಣಾಂಶ, ಫೋಲಿಕ್ ಆಮ್ಲ ಅಥವಾ ಬಿ12 ಜೀವಸತ್ವದ ಕೊರತೆ ಇವುಗಳಿಗೆ ಕಾರಣವಾಗಬಹುದು. ಆದುದರಿಂದ ವಾಸಿಯಾದ ಹುಣ್ಣಿನ ಕೀರ್ತಿಯೆಲ್ಲವೂ ಹಚ್ಚಿದ ಎಣ್ಣೆಗೆ ಸಲ್ಲತಕ್ಕದ್ದಲ್ಲ.

ಎಣ್ಣೆಯು ಹುಣ್ಣಿನ ಮೇಲೆ ತೆಳುಪದರವಾಗಿ ನಿಂತು ಉಪ್ಪು, ಖಾರ ಹಾಗೂ ಹಲ್ಲಿನ ಉಜ್ಜುವಿಕೆಯಿಂದಾಗುವ ಉರಿಯನ್ನು ತಗ್ಗಿಸುತ್ತದೆ. ಎಳ್ಳೆಣ್ಣೆಯನ್ನು ಬಾಯಲ್ಲಿ ತುಂಬಿ ಹಿಡಿಯುವ ಕ್ರಮವನ್ನು ಆಯುರ್ವೇದವು ಗಂಡೂಷವೆಂದು ಕರೆಯುತ್ತದೆ. ಚರಕ ಸಂಹಿತೆಯಲ್ಲಿ ಇದರ ಉಲ್ಲೇಖವಿದೆ. ಎಳ್ಳೆಣ್ಣೆಯಲ್ಲಿ ಗಿಡಮೂಲಿಕೆಗಳನ್ನು ಸೇರಿಸಿ ಕಾಯಿಸಿದ ಇರಿಮೇದಾದಿ ತೈಲವನ್ನು ಆಯುಷ್ ವೈದ್ಯರ ಸಲಹೆಯಂತೆ ಬಳಸಬಹುದು. ಮನೆಯಲ್ಲಾದರೆ ಶುದ್ಧ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯನ್ನು ಊಟದ ನಂತರ ಬಾಯಿ ಮುಕ್ಕಳಿಸಿ, ತೊಳೆದ ಬೆರಳಿನಿಂದ ಹಚ್ಚಿದರೆ ಸಾಕು. ಕರಿದುಳಿದ ಎಣ್ಣೆ ಸಲ್ಲದು.

ಹನೂರು ತಾಲ್ಲೂಕಿನ ಅಜ್ಜೀಪುರ ಮತ್ತು ಸುತ್ತಲಿನ ಗ್ರಾಮಗಳವರಿಗೆ ಹೊಂಗೆ, ಬೇವು ಪರಿಚಿತ ಮರಗಳೇ. ಆದರೆ ಇವುಗಳ ಎಣ್ಣೆಯನ್ನು ಬಾಯೊಳಗೆ ಹಚ್ಚಬಾರದು. ಬೇವಿನೆಣ್ಣೆ ಹೊಟ್ಟೆ ಸೇರಿದ ಶಿಶುಗಳಿಗೆ ವಾಂತಿ, ಫಿಟ್ಸ್ ಉಂಟಾಗಿ ಪ್ರಾಣಾಪಾಯವಾಗಿರುವುದು ವೈದ್ಯಕೀಯವಾಗಿ ದಾಖಲಾಗಿದೆ. ಲವಂಗದ ಎಣ್ಣೆ ನೋವನ್ನು ಮರಗಟ್ಟಿಸುವುದಾದರೂ ನೇರವಾಗಿ ಹಚ್ಚಿದಲ್ಲಿ ಬಾಯಿಯ ಒಳಪೊರೆಯನ್ನೇ ಸುಡುತ್ತದೆ. ಚಿಕ್ಕ ಮಕ್ಕಳಿಗೆ ಯಾವುದೇ ಎಣ್ಣೆಯನ್ನು ಬಾಯಲ್ಲಿ ಹಿಡಿಸಬಾರದು; ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ.

ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಅಗಿಯುವವರು ವಿಶೇಷವಾಗಿ ಗಮನಿಸತಕ್ಕದ್ದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿಯಾದ ಅಂಚು, ಬಾಯಿ ತೆರೆಯಲು ಬಿಗಿತ, ಕುತ್ತಿಗೆಯಲ್ಲಿ ಗಂಟು ಇವು ಕ್ಯಾನ್ಸರಿನ ಅಥವಾ ಅದರ ಪೂರ್ವಸ್ಥಿತಿಯ ಲಕ್ಷಣಗಳಿರಬಹುದು. ಆರಂಭದಲ್ಲಿ ಇಂತಹ ಹುಣ್ಣು ನೋಯದೆಯೂ ಇರುತ್ತದೆ. ನೋವಿಲ್ಲವೆಂದು ಎಣ್ಣೆ ಹಚ್ಚುತ್ತಾ ತಿಂಗಳುಗಟ್ಟಲೆ ಕಳೆಯುವುದರಿಂದ ಗುಣಪಡಿಸಬಹುದಾದ ಕಾಯಿಲೆಯೂ ಕೈಮೀರುತ್ತದೆ.

ಇಂತಹವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು. ಹೆಚ್ಚಿನ ಚಿಕಿತ್ಸೆ ಅಗತ್ಯವಾದಲ್ಲಿ ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಕಳುಹಿಸಿಕೊಡಲು ಅವಕಾಶವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಲಭ್ಯವಿರುತ್ತದೆ. ಆಧಾರ್, ಪಡಿತರ ಚೀಟಿ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಯಲ್ಲಿ ಒಯ್ಯತಕ್ಕದ್ದು.