ರೂಟ್‌ನ ಕೀಲಿ: ಯೂನಿಕ್ಸ್‌ನಿಂದ ಕ್ಲೌಡ್‌ವರೆಗೆ

ಗಣಕದ ಸಾಮರ್ಥ್ಯವನ್ನು ದೂರವಾಣಿಯಂತೆ ಬೇಕಾದಾಗ ಬಳಸಿ, ಬಳಸಿದಷ್ಟಕ್ಕೆ ಮಾತ್ರ ಹಣ ತೆರುವ ಕಾಲ ಬರಬಹುದೆಂದು ಅಮೆರಿಕದ ಜಾನ್ ಮೆಕಾರ್ಥಿ 1961ರಲ್ಲೇ ಸೂಚಿಸಿದ್ದರು. ಅದು ಕೈಗೂಡಿದ್ದು 2006ರಲ್ಲಿ. ಈ ನಡುವಿನ ಇತಿಹಾಸದಲ್ಲಿ ನಮಗೆಲ್ಲ ಉಪಯುಕ್ತವಾದ ಪಾಠವೊಂದಿದೆ.

ಒಂದು ಗಣಕ, ಹಲವು ಬಳಕೆದಾರರು

1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಪಿಡಿಪಿ-7 ಗಣಕದ ಮೇಲೆ ಯೂನಿಕ್ಸ್ ಆರಂಭಿಸಿದರು. ಡೆನಿಸ್ ರಿಚಿ ಅವರೊಂದಿಗೆ ಸೇರಿ ಅದನ್ನು ಬೆಳೆಸಿದರು. ಯೂನಿಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದಕ್ಕೆ ನಿಯಮಗಳಿವೆ. ಹೀಗಾಗಿ ಒಬ್ಬರ ಕೆಲಸ ಇನ್ನೊಬ್ಬರಿಂದ ಕೆಡುವುದಿಲ್ಲ. ಆದರೆ 'ರೂಟ್' ಎಂಬ ಬಳಕೆದಾರನಿಗೆ ಈ ನಿಯಮಗಳ ತಡೆಯಿಲ್ಲ. ಅವನ ಒಂದೇ ಆಜ್ಞೆ ಇಡೀ ಡಿಸ್ಕನ್ನು ಬರಿದು ಮಾಡಬಲ್ಲದು. ದತ್ತಾಂಶವನ್ನು ಟೇಪಿಗೆ ನಕಲಿಸಿ ಬೇರೆಡೆ ಇಡುವ ವಾಡಿಕೆ ಇಂಥ ಅಪಾಯದಿಂದಲೂ ಕಾಪಾಡುತ್ತಿತ್ತು. ಕಪಾಟಿನಲ್ಲಿರುವ ಟೇಪನ್ನು ರೂಟ್‌ನ ಆಜ್ಞೆ ಮುಟ್ಟಲಾರದು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಯೂನಿಕ್ಸ್ ಮಾದರಿಯ ಲಿನಕ್ಸ್ ಬಿಡುಗಡೆ ಮಾಡಿದ ಮೇಲೆ ಸಣ್ಣ ಕಂಪನಿಗಳೂ ಅಗ್ಗದ ಯಂತ್ರಗಳಲ್ಲಿ ಸರ್ವರ್ ನಡೆಸುವಂತಾಯಿತು. 2006ರಲ್ಲಿ ಅಮೆಜಾನ್ ತನ್ನ ಯಂತ್ರಗಳನ್ನು 'ಜೆನ್' ತಂತ್ರಾಂಶದಿಂದ ಹಲವು ಮಿಥ್ಯಾಯಂತ್ರಗಳಾಗಿ ವಿಭಜಿಸಿ, ಗಂಟೆಗೆ 10 ಸೆಂಟಿನಂತೆ ಬಾಡಿಗೆಗೆ ಕೊಡತೊಡಗಿತು. ಯಂತ್ರ ಕೊಳ್ಳುವ, ತಂಪಾಗಿಡುವ ಚಿಂತೆ ತಪ್ಪಿತು. ಆದರೆ ಎಲ್ಲ ಸರ್ವರ್‌ಗಳನ್ನೂ ಸೃಷ್ಟಿಸುವ, ಅಳಿಸುವ ಅಧಿಕಾರ ಜಾಲತಾಣದ ಒಂದು ನಿಯಂತ್ರಣ ಫಲಕಕ್ಕೆ ಸೇರಿತು.

ಹನ್ನೆರಡು ಗಂಟೆ

ಕೋಡ್ ಸ್ಪೇಸಸ್ ಎಂಬ ಸಣ್ಣ ಕಂಪನಿ ತಂತ್ರಾಂಶ ರಚಿಸುವವರ ಮೂಲಸಂಕೇತಗಳನ್ನು ಅಮೆಜಾನ್ ಕ್ಲೌಡ್‌ನಲ್ಲಿ ಕಾಪಾಡುತ್ತಿತ್ತು. 2014ರ ಜೂನ್ 17ರಂದು ಅದರ ಸರ್ವರ್‌ಗಳ ಮೇಲೆ ಹುಸಿ ಕೋರಿಕೆಗಳ ಮಹಾಪೂರ ಹರಿಯಿತು. ಜೊತೆಗೆ, ನಿಯಂತ್ರಣ ಫಲಕಕ್ಕೆ ನುಗ್ಗಿದ್ದವನೊಬ್ಬ ಹಣ ಕೇಳಿದ. ಕಂಪನಿ ಗುಪ್ತಪದ ಬದಲಿಸಿತು. ಆತ ಮೊದಲೇ ಬೇರೆ ಪ್ರವೇಶದ್ವಾರಗಳನ್ನು ಮಾಡಿಟ್ಟುಕೊಂಡಿದ್ದ. ತನ್ನನ್ನು ಹೊರಗಟ್ಟುತ್ತಿರುವುದು ತಿಳಿದೊಡನೆ ಅಳಿಸತೊಡಗಿದ. ಹನ್ನೆರಡು ಗಂಟೆಗಳಲ್ಲಿ ಬಹುಪಾಲು ದತ್ತಾಂಶವೂ ಅದರ ನಕಲುಗಳೂ ನಾಶವಾದವು. ಕಂಪನಿ ಮುಚ್ಚಿತು.

ಗಮನಿಸಿ: ಸರ್ವರ್‌ಗಳ ಒಳಗೆ ಪ್ರವೇಶಿಸಲು ಬೇಕಾದ ಖಾಸಗಿ ಕೀಲಿಗಳು ಅವನಲ್ಲಿರಲಿಲ್ಲವೆಂದು ಕಂಪನಿ ತಿಳಿಸಿತ್ತು. ಒಳಗಿನ ಬಾಗಿಲು ಭದ್ರವಾಗಿಯೇ ಇತ್ತು, ಮನೆಯನ್ನೇ ಕೆಡವಲಾಯಿತು.

ಗಣಿತ ಏನು ಹೇಳುತ್ತದೆ?

ಒಂದು ಪ್ರತಿ ನಾಶವಾಗುವ ಸಂಭಾವ್ಯತೆ 1/100 ಎಂದಿಟ್ಟುಕೊಳ್ಳಿ. ಎರಡು ಪ್ರತಿಗಳಿದ್ದರೆ ಎರಡೂ ನಾಶವಾಗುವ ಸಂಭಾವ್ಯತೆ 1/10,000. ಆದರೆ ಎರಡೂ ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ ಈ ಗುಣಾಕಾರ ಸಲ್ಲುತ್ತದೆ. ಎರಡಕ್ಕೂ ಒಂದೇ ಕೀಲಿಯಿದ್ದು, ಅದು ಕಳ್ಳನ ಪಾಲಾಗುವ ಸಂಭಾವ್ಯತೆಯೇ 1/100 ಆದರೆ, ಪ್ರತಿಗಳು ಹತ್ತಿದ್ದರೂ ಅಪಾಯ ಅದಕ್ಕಿಂತ ಕಡಿಮೆಯಾಗದು.

2018ರಲ್ಲಿ ಅಮೆಜಾನ್, ನಿಗದಿತ ಅವಧಿಯವರೆಗೆ ಖಾತೆಯ ರೂಟ್ ಕೂಡ ಅಳಿಸಲಾಗದಂತೆ ದತ್ತಾಂಶವನ್ನು ಬೀಗ ಹಾಕಿಡುವ ಸೌಲಭ್ಯ ತಂದಿತು. ಕಪಾಟಿನ ಟೇಪು ಹೊಸ ರೂಪದಲ್ಲಿ ಮರಳಿತು. ಶಾಲೆಯ ಅಂಕಪಟ್ಟಿಯಿರಲಿ, ಪ್ರಯೋಗಾಲಯದ ಅಳತೆಗಳಿರಲಿ, ಒಂದು ಪ್ರತಿಯಾದರೂ ಬೇರೊಂದು ಕೀಲಿಯ ಅಡಿಯಲ್ಲಿರಬೇಕು.