ಅರಸರಳಿದರೂ ಉಳಿದ ಕಲೆ

ಪುರಾತನ ಕಲೆಯ ಮಾತು ಬಂದೊಡನೆ ನಮ್ಮ ಮನಸ್ಸು ನೈಲ್ ನದಿಯ ದಡಕ್ಕೆ ಹರಿಯುವುದು ಸಹಜ. ಮೂರು ಸಾವಿರ ವರ್ಷಗಳ ಈಜಿಪ್ಟಿನ ಶಿಲ್ಪದಲ್ಲಿ ಅತ್ಯಂತ ವಿಲಕ್ಷಣವಾದ ಘಟ್ಟವೆಂದರೆ ಕ್ರಿ.ಪೂ. 14ನೆಯ ಶತಮಾನದ ಅಖೆನಾಟನ್ ಅರಸನ ಕಾಲ. ಅವನು ಹಳೆಯ ದೇವತೆಗಳನ್ನು ಬದಿಗಿಟ್ಟು ಸೂರ್ಯಬಿಂಬವೊಂದನ್ನೇ ಆರಾಧಿಸಿದ; ಇಂದು ಅಮಾರ್ನಾ ಎನಿಸಿಕೊಳ್ಳುವ ಸ್ಥಳದಲ್ಲಿ ಹೊಸ ರಾಜಧಾನಿಯನ್ನೇ ಕಟ್ಟಿಸಿದ. ಸೆಟೆದು ನಿಂತಿದ್ದ ಶಿಲ್ಪಗಳಿಗೆ ಆಗ ಜೀವ ಬಂದಿತು. ರಾಜದಂಪತಿಗಳು ಮಕ್ಕಳನ್ನು ತೊಡೆಯ ಮೇಲಿಟ್ಟು ಮುದ್ದಿಸುವ ದೃಶ್ಯಗಳೂ ಕಲ್ಲಿನಲ್ಲಿ ಮೂಡಿದವು. 1912ರಲ್ಲಿ ಜರ್ಮನ್ ಸಂಶೋಧಕರಿಗೆ ದೊರೆತ ರಾಣಿ ನೆಫರ್ಟಿಟಿಯ ಪ್ರಸಿದ್ಧ ಮುಖಶಿಲ್ಪ ಅಲ್ಲಿಯ ಥಟ್‌ಮೋಸ್ ಎಂಬ ಶಿಲ್ಪಿಯ ಕಾರ್ಯಾಗಾರದ್ದು. ಆದರೆ ಹದಿನೇಳು ವರ್ಷ ಆಳಿದ ಆ ಅರಸ ಕಣ್ಮುಚ್ಚಿದ ಮೇಲೆ ನಗರ ಹಾಳುಬಿದ್ದಿತು. ಮುಂದಿನವರು ಅವನ ಗುಡಿಗಳನ್ನು ಕೆಡವಿ, ಅವುಗಳ ಕಲ್ಲುಗಳನ್ನು ಕಾರ್ನಾಕಿನ ಮಹಾದ್ವಾರಗಳ ಒಡಲಿಗೆ ತುಂಬಿದರು.

ಅರಸನೊಬ್ಬನ ಇಚ್ಛೆಯಿಂದ ಹುಟ್ಟಿದ ಕಲೆಗೆ ಅರಸನ ಆಯುಷ್ಯವೇ ಆಯುಷ್ಯವಾಯಿತೆಂಬುದು ಈ ಕಥೆಯ ತಾತ್ಪರ್ಯ. ಇದನ್ನು ನೆನಪಿನಲ್ಲಿಟ್ಟುಕೊಂಡು ನೈಲ್ ನದಿಯಿಂದ ನಮ್ಮ ತುಂಗಭದ್ರೆಯ ದಡಕ್ಕೆ ಬರೋಣ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳೆದ ಕಲೆಯ ಕಥೆ ಇದಕ್ಕಿಂತ ಬೇರೆಯಾದುದು.

ಶಾಸನಗಳಲ್ಲಿ ಈ ಪ್ರದೇಶ ನೊಳಂಬವಾಡಿಗೆ ಸೇರಿದ್ದು. ಅದರೊಳಗೆ ಕೋಗಳಿ ಐನೂರು ಎಂಬುದೊಂದು ನಾಡು. ರಾಜಧಾನಿ ಕಲ್ಯಾಣ ಬಲು ದೂರ. ಆದರೂ ಇಲ್ಲಿಯ ಹಳ್ಳಿಹಳ್ಳಿಯಲ್ಲೂ ಆ ಕಾಲದ ಗುಡಿ ಕಾಣಸಿಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರನನ್ನೇ ನೋಡಿರಿ. ಗುಡಿಯ ಕೆಲಸ ಮೊದಲಾದದ್ದು ರಾಷ್ಟ್ರಕೂಟರ ಕಾಲದಲ್ಲಿ. ಆ ಸಾಮ್ರಾಜ್ಯ 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ಕೊನೆಗೊಂಡಿತು. ಆದರೆ ಬಾಗಳಿಯ ಉಳಿಯ ಸದ್ದು ನಿಲ್ಲಲಿಲ್ಲ. 987ರ ಶಾಸನ ಅಲ್ಲಿ ದುಗ್ಗಿಮಯ್ಯನೆಂಬವನ ಹೆಸರು ಹೇಳುತ್ತದೆ. ಸಿಂಹಾಸನದಲ್ಲಿ ವಂಶವೇ ಬದಲಾದರೂ ಊರಿನ ದೇವರು ಬದಲಾಗಲಿಲ್ಲ, ಶಿಲ್ಪಿಗಳೂ ಚದುರಲಿಲ್ಲ. ಮುಂದೆ ಹಿರೇಹಡಗಲಿಯಲ್ಲಿ 1057ರಲ್ಲಿ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ ಗುಡಿ ಕಟ್ಟಿಸಿದ. ಕೊಟ್ಟೂರಿಗೆ ಸಮೀಪದ ಅಂಬಳಿಯ ಕಲ್ಲೇಶ್ವರ 1083ರದು. ಆಗ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. ನೂರು ವರ್ಷಗಳಲ್ಲಿ ಅರಸರು ಹಲವರು ಬಂದುಹೋದರು. ಕಲೆಯ ಎಳೆ ಮಾತ್ರ ಕಡಿಯಲಿಲ್ಲ. ಏಕೆಂದರೆ ಅದನ್ನು ಹಿಡಿದಿದ್ದವರು ಅಧಿಕಾರಿಗಳು, ಮಹಾಜನರು, ವರ್ತಕರು, ಗೌಡರು. ಗುಡಿಗೆ ಬಿಟ್ಟ ದತ್ತಿಯ ಹೊಲ ಊರಿನದೇ, ಎಣ್ಣೆ ಗಾಣದ್ದೇ.

ಈ ಕಲೆಯ ಗುಟ್ಟಿನ ಒಂದು ಭಾಗ ಕಲ್ಲಿನಲ್ಲಿಯೇ ಇದೆ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲನ್ನು ಬಳಸಿದರು. ಕಲ್ಯಾಣ ಚಾಲುಕ್ಯರ ಕಾಲದವರು ಬಳಪದ ಕಲ್ಲಿಗೆ ಒಲಿದರು. ಗಣಿಯಿಂದ ತೆಗೆದಾಗ ಇದು ಮೆದು. ಉಳಿಗೆ ಮರದಂತೆ ಮಣಿಯುತ್ತದೆ, ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆಯಲು ಸಾಧ್ಯವಾದದ್ದು ಈ ಗುಣದಿಂದಲೇ. ಬಾಗಳಿಯ ತೆರೆದ ಸಭಾಮಂಟಪದಲ್ಲಿ ಸುಮಾರು 50 ಕಂಬಗಳಿವೆ. ಕಾರ್ನಾಕಿನ ಮಹಾಮಂಟಪದಲ್ಲಿ 134 ಕಂಬಗಳಿವೆ. ಮಧ್ಯದವುಗಳ ಎತ್ತರ ಸುಮಾರು 21 ಮೀಟರು. ಅಲ್ಲಿ ನಿಂತವನಿಗೆ ತಾನೆಷ್ಟು ಸಣ್ಣವನೆಂಬುದು ಅರಿವಾಗುತ್ತದೆ. ಬಾಗಳಿಯ ಕಂಬಗಳಾದರೋ ಮನುಷ್ಯನ ಅಳತೆಗೆ ಹೊಂದಿಕೊಂಡವು. ಕಂಬಕ್ಕೆ ಒರಗಿ ಪುರಾಣ ಕೇಳಬಹುದು, ನ್ಯಾಯ ಹೇಳಬಹುದು, ಊರಿನ ಲೆಕ್ಕ ಒಪ್ಪಿಸಬಹುದು.

ಈ ಕಲೆಯ ಶಿಖರವನ್ನು ಕಾಣಬೇಕಾದರೆ ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಹೋಗಬೇಕು. ಹೊಳೆಯ ದಡದ ಈ ಊರು ಇತಿಹಾಸದಲ್ಲಿ ಒಂದು ಸಾವಿನಿಂದ ಪ್ರಸಿದ್ಧವಾಗಿದೆ. ಚೋಳರೊಡನೆ ಜೀವಮಾನವಿಡೀ ಹೋರಾಡಿದ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಜ್ವರಕ್ಕೆ ತುತ್ತಾಗಿ, 1068ರ ಮಾರ್ಚ್ ತಿಂಗಳ ಕೊನೆಯಲ್ಲಿ ಇಲ್ಲಿ ತುಂಗಭದ್ರೆಗೆ ಇಳಿದು ದೇಹ ಬಿಟ್ಟನು. ಕಾಶ್ಮೀರದಿಂದ ಬಂದು ಚಾಲುಕ್ಯರ ಆಸ್ಥಾನ ಸೇರಿದ ಬಿಲ್ಹಣ ಕವಿ ತನ್ನ ವಿಕ್ರಮಾಂಕದೇವಚರಿತದಲ್ಲಿ ಈ ಪ್ರಸಂಗವನ್ನು ವರ್ಣಿಸಿದ್ದಾನೆ. ಈಜಿಪ್ಟಿನ ಅರಸ ಬದುಕಿರುವಾಗಲೇ ತನ್ನ ಗೋರಿಯನ್ನು ಸಿದ್ಧಪಡಿಸಿಕೊಳ್ಳುತ್ತಿದ್ದ, ಸತ್ತ ಮೇಲೂ ದೇಹ ಕೆಡಬಾರದೆಂದು. ನಮ್ಮ ಅರಸ ದೇಹವನ್ನು ಹರಿಯುವ ನೀರಿಗೇ ಒಪ್ಪಿಸಿದ. ಅವನ ಗುರುತಿಗೆ ಅಲ್ಲಿ ಗೋರಿಯಿಲ್ಲ.

ಅಲ್ಲಿರುವುದು ಮಲ್ಲಿಕಾರ್ಜುನ ದೇವಾಲಯ. ಅದರ ಪೂರ್ವದ್ವಾರದ ಕಂಬಗಳ ಮೇಲಿನ ಮದನಿಕೆಯರು ಕನ್ನಡ ಶಿಲ್ಪದ ಅಮೂಲ್ಯ ಆಸ್ತಿ. ಬಳ್ಳಿಯ ಹೆಣಿಗೆಯ ನಡುವೆ ಬಾಗಿ ಬಳುಕುವ ಆ ಮೈಯಲ್ಲಿ ಕಲ್ಲಿನ ಭಾರವೇ ಇಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿಯ ಮದನಿಕೆಯರನ್ನು ಮೆಚ್ಚುವವರು ಈ ಅಕ್ಕಂದಿರನ್ನು ಒಮ್ಮೆ ನೋಡಬೇಕು. ಚಾಲುಕ್ಯರ ಮನೆಯಲ್ಲಿ ಹಚ್ಚಿದ ದೀಪದಿಂದಲೇ ಹೊಯ್ಸಳರು ತಮ್ಮ ದೀಪವನ್ನು ಹೊತ್ತಿಸಿಕೊಂಡರು.

ಇಂಥ ಸಂಪತ್ತು ನಮ್ಮವರ ಗಮನಕ್ಕೆ ತಡವಾಗಿ ಬಂದುದಕ್ಕೆ ಕಾರಣವಿದೆ. ಬಳ್ಳಾರಿ ಜಿಲ್ಲೆ 1953ರವರೆಗೆ ಮದರಾಸು ಆಡಳಿತದಲ್ಲಿತ್ತು. ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕ ಈ ಸೀಮೆಯವರೆಗೆ ಬರಲಿಲ್ಲ. ಇಲ್ಲಿಯ ಗುಡಿಗಳ ನಕ್ಷೆಗಳನ್ನು ಅಲೆಗ್ಸಾಂಡರ್ ರೀ ಎಂಬ ಅಧಿಕಾರಿ 1896ರಲ್ಲಿ ಪ್ರಕಟಿಸಿದ. ಮದರಾಸು ಪ್ರಾಂತದ ಕನ್ನಡ ಶಾಸನಗಳ ಸಂಪುಟದ ಮೊದಲ ಭಾಗ ಬಂದದ್ದು 1939ರಲ್ಲಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಈ ಸೀಮೆಯೆಲ್ಲ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹೆಸರಿಗೆ ತಕ್ಕಂತೆ ಪ್ರವಾಸಿಗಳೂ ಹಂಪೆಗೇ ಹೋಗುತ್ತಾರೆ. ವಿಜಯನಗರಕ್ಕಿಂತ ಹಿರಿಯವಾದ ಈ ಗುಡಿಗಳ ದಾರಿ ಕೇಳುವವರು ವಿರಳ.

ಮೆದುಕಲ್ಲಿನಲ್ಲಿ ಮೂಡಿದ ಚೆಲುವಿಗೆ ಗಾಯವೂ ಬೇಗ. ಭಕ್ತಿಯಿಂದ ಬಳಿದ ಸುಣ್ಣ, ಬಣ್ಣ, ಎಣ್ಣೆ, ಕಂಬಕ್ಕೆ ಹೊಡೆದ ಒಂದು ಮೊಳೆ — ಇಷ್ಟು ಸಾಕು, ಸಾವಿರ ವರ್ಷದ ಗೆರೆ ಅಳಿಸಿಹೋಗಲು. ಕಾನೂನಿನ ರಕ್ಷಣೆ ಬೇಕು, ನಿಜ. ಆದರೆ ಅಷ್ಟರಿಂದಲೇ ಗುಡಿ ಬದುಕದು. ಅಮಾರ್ನಾಕ್ಕೆ ಅರಸನಿದ್ದ, ಅದನ್ನು ತನ್ನದೆನ್ನುವ ಊರಿರಲಿಲ್ಲ. ಬಾಗಳಿಗೆ, ಅಂಬಳಿಗೆ, ಕುರುವತ್ತಿಗೆ ಅಂದು ಅಂಥ ಊರಿತ್ತು, ಇಂದೂ ಇದೆ. ಆ ಊರಿನ ಶಾಲೆಯ ಮಗು ತನ್ನ ಗುಡಿಯ ಕಾಲವನ್ನೂ ಕಟ್ಟಿಸಿದವನ ಹೆಸರನ್ನೂ ತಡವರಿಸದೆ ಹೇಳುವಂತಾದರೆ, ಆ ಕಲ್ಲುಗಳಿಗೆ ಅದಕ್ಕಿಂತ ಭದ್ರವಾದ ಕಾವಲು ಬೇರೊಂದಿಲ್ಲ.