ಇಕ್ಕೆಲ

ತುಂಗಭದ್ರಾ ಅಣೆಕಟ್ಟಿನ ಕಡತಗಳಲ್ಲಿ ಎಡದಂಡೆ, ಬಲದಂಡೆ. ಹೊಳೆಯ ಮಗ್ಗುಲ ಊರವರ ಬಾಯಲ್ಲಿ ಆಚೆ, ಈಚೆ. ಇವೆರಡೂ ಇರುವಾಗ 'ಇಕ್ಕೆಲ'ಕ್ಕೆ ಏನು ಕೆಲಸ? ಇರ್ ಎಂದರೆ ಎರಡು, ಕೆಲ ಎಂದರೆ ಪಕ್ಕ. ಇಮ್ಮಡಿ, ಇತ್ತಂಡಗಳಲ್ಲಿ ಆದಂತೆ ಇಲ್ಲೂ 'ರ್' ಮುಂದಿನ ಅಕ್ಷರದಲ್ಲಿ ಕರಗಿದೆ. ಈಗ 'ಕೆಲ' ಅಂದರೆ ಕೆಲವು ಎಂದಷ್ಟೇ ಹೊಳೆಯುತ್ತದೆ. ಹಳೆಯ ಅರ್ಥ 'ಕೆಲಬಲ'ದಲ್ಲಿ ಉಳಿದುಕೊಂಡಿದೆ. ಹಂಪಿಯ ತೇರುಬೀದಿಯ ಇಕ್ಕೆಲದಲ್ಲಿ ಸಾಲುಮಂಟಪಗಳಿವೆ ಎಂದರೆ ನಡುವೆ ತೇರಿನ ದಾರಿ ಇದ್ದೇ ಇರಬೇಕು. ಆಚೆ-ಈಚೆ ಎನ್ನುವವನು ಒಂದು ದಡ ಹಿಡಿದು ನಿಂತವನು: ಹಂಪಿಯವರಿಗೆ ಆನೆಗೊಂದಿ ಆಚೆ, ಆನೆಗೊಂದಿಯವರಿಗೆ ಹಂಪಿ ಆಚೆ. ಎಡ-ಬಲಗಳೋ ನೀರು ಹರಿಯುವ ಕಡೆಗೆ ಮುಖಮಾಡಿದವನ ಲೆಕ್ಕ. ಕಟ್ಟೆಯ ಮೇಲೆ ಹಿನ್ನೀರು ನೋಡುತ್ತ ನಿಂತವನಿಗೆ ಹೊಸಪೇಟೆಯ ಬಲದಂಡೆ ಎಡಗೈಗೆ ಬರುತ್ತದೆ! ಇಕ್ಕೆಲ ಎನ್ನಬೇಕಾದರೆ ಮನಸ್ಸಿನಲ್ಲಾದರೂ ಹೊಳೆಯ ನಡುವೆ ನಿಲ್ಲಬೇಕು.

ಅಣೆಕಟ್ಟಿನ ಚರಿತ್ರೆಯಲ್ಲಿ ಹಾಗೆ ನಿಂತವರು ಕಡಿಮೆ. 1945ರ ಫೆಬ್ರವರಿ 28ರಂದು ಒಂದೇ ಕಟ್ಟೆಗೆ ಎರಡು ಕಡೆ ಶಂಕುಸ್ಥಾಪನೆ ಆಯಿತು: ಮುನಿರಾಬಾದ್ ಬದಿಯಲ್ಲಿ ಹೈದರಾಬಾದ್ ಸಂಸ್ಥಾನದ ಬೇರಾರ್ ರಾಜಕುಮಾರ, ಹೊಸಪೇಟೆ ಬದಿಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಆಗ ಹೊಳೆಯೇ ಗಡಿ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ಆಂಧ್ರ ಹುಟ್ಟಿತು, ತುಂಗಭದ್ರಾ ಮಂಡಳಿಯೂ ಹುಟ್ಟಿತು. 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದ ಮೇಲೆ ಭೇದ ಅಳಿಯಬೇಕಿತ್ತು. ಅಳಿಯಲಿಲ್ಲ. ಬಲದಂಡೆ ಕಾಲುವೆಗಳು ಬಳ್ಳಾರಿ ದಾಟಿ ಅನಂತಪುರ, ಕರ್ನೂಲಿಗೆ ಹೋಗುವುದರಿಂದ ಅವು ಮಂಡಳಿಯ ಸುಪರ್ದಿಯಲ್ಲಿವೆ; ಗಂಗಾವತಿ, ಸಿಂಧನೂರಿನತ್ತ ಹೋಗುವ ಎಡದಂಡೆ ಕಾಲುವೆ ಕರ್ನಾಟಕದ್ದು.

ಇಕ್ಕೆಲ ಪುಸ್ತಕದ ಮಾತು, 'ಎರಡೂ ಕಡೆ' ಎಂದರೆ ಸಾಲದೇ ಎಂದು ಕೇಳಬಹುದು. ಸಾಲದು. ವ್ಯಾಜ್ಯದ ಎರಡೂ ಕಡೆಯವರು ಎನ್ನುತ್ತೇವೆ. ವ್ಯಾಜ್ಯದ ಇಕ್ಕೆಲದವರು ಎಂದರೆ ಕಿವಿ ಒಪ್ಪುವುದಿಲ್ಲ. 'ಎರಡೂ ಕಡೆ' ಎನ್ನಲು ನಡುವೆ ಏನೂ ಇರಬೇಕಿಲ್ಲ, ಜಗಳವೊಂದಿದ್ದರೆ ಸಾಕು. ಹಾಗಾದರೆ ನೀರಿನ ಪಾಲಿಗೆ ಇಕ್ಕೆಲ ಒದಗುವುದಿಲ್ಲವಲ್ಲ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಕ್ಯೂಸೆಕ್ ಲೆಕ್ಕದಲ್ಲಿ ನೀರು ಹಂಚಲು ದಂಡೆಯ ಹೆಸರು ಬೇಕೇ ಬೇಕು, ಒಪ್ಪೋಣ. ಆದರೆ ಪಾಲಿಗೆ ಮೊದಲು ನೀರು ನಿಲ್ಲಬೇಕು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋದಾಗ ಹರಿದುಹೋದ ನೀರು ಇನ್ನೂ ಯಾವ ದಂಡೆಯ ಖಾತೆಗೂ ಬಿದ್ದಿರಲಿಲ್ಲ. ಸ್ಟಾಪ್‌ಲಾಗ್ ಇಳಿಸಿ ಮುಚ್ಚುವವರೆಗಿನ ಆ ಒಂದು ವಾರ, ಎಡದ ಗಂಗಾವತಿಯ ಭತ್ತಕ್ಕೂ ಬಲದ ಕಂಪ್ಲಿಯ ಭತ್ತಕ್ಕೂ ಇದ್ದದ್ದು ನಡುವಿನ ಅದೊಂದೇ ಕಿಂಡಿಯ ಚಿಂತೆ.